ಟವೆಲ್ಲಿನ ಕೆಳಗಿನ ಆರು

ಬೋಟಿಗೆ ಹದಿನಾಲ್ಕು ಲಕ್ಷ ಹೇಳಿದ್ದರು. ಜಗ್ಗಾಡಿ ಹನ್ನೊಂದಕ್ಕೆ ಇಳಿಸಿದರೂ ಮುಂದೆ ಪರವಾನಗಿ, ವಿಮೆ, ನಡೆಸುವವನ ಪಗಾರ, ಕಾಯುವವನ ಊಟ, ಮಳೆಗಾಲದಲ್ಲಿ ಹೊದಿಸಲಿಕ್ಕೆ ತಾಡಪತ್ರಿ, ಎರಡು ಟ್ರ್ಯಾಕ್ಟರಿನಷ್ಟು ಡೀಸೆಲ್ ಕುಡಿಯುವ ಎಂಜಿನ್ನು, ಎಲ್ಲ ಹಿಡಿದರೆ ಹದಿನೈದರ ಒಳಗೆ ಕೈ ತೊಳೆಯುವ ಬಾಬತ್ತಲ್ಲ. ಅಷ್ಟು ರೊಕ್ಕಕ್ಕೆ ಬೈಲಹೊಂಗಲದಲ್ಲಿ ಎರಡು ಚಲೋ ಹಳೆ ಟ್ರ್ಯಾಕ್ಟರು ಟ್ರೇಲರಿನ ಸಮೇತ ಬರುತ್ತವೆ, ಮೇಲೆ ರಂಟಿ ಕುಂಟಿ ಕೊಳ್ಳಲಿಕ್ಕೆ ಒಂದಿಷ್ಟು ಉಳಿಯುತ್ತದೆ. ಕಾರಿನ ಕಟ್ಟಕಡೆಯ ಸೀಟಿನಲ್ಲಿ, ಮೊಣಕಾಲು ಎದೆಗೆ ಹತ್ತುವಂತೆ ಮಡಚಿ ಕುಳಿತ ವಿರೂಪಾಕ್ಷ ಈ ಲೆಕ್ಕವನ್ನೇ ಕೂಡಿಸುತ್ತ ಕಳೆಯುತ್ತ ಬಂದಿದ್ದ. ರೊಕ್ಕ ಅವನದಲ್ಲ, ಷಡ್ಡಕ ಕಲ್ಮೇಶನದು. ಹೆಂಡತಿಯ ತಂಗಿಯ ಗಂಡನ ರೊಕ್ಕ ಎಲ್ಲಿ ಹೋದರೇನು, ತನ್ನ ಹೊಟ್ಟೆ ಯಾಕೆ ಉರಿಯಬೇಕು ಎಂದು ಅವನು ತನ್ನನ್ನೇ ಕೇಳಿಕೊಂಡ. ರೊಕ್ಕ ಹೋಗುವುದಕ್ಕೆ ಉರಿಯುತ್ತಿರಲಿಲ್ಲ. ಹೀಗೆ ಹೋಗಗೊಡಲಿಕ್ಕೆ ಕಲ್ಮೇಶನ ಹತ್ತಿರ ಇತ್ತಲ್ಲ, ಅದಕ್ಕೆ ಉರಿಯುತ್ತಿತ್ತು.

ಮುಂದಿನ ಸೀಟಿನಲ್ಲಿ ಅತ್ತೆ ಕೆಂಚವ್ವ ಕುಳಿತಿದ್ದಳು. ಅವಳ ಊರು ಚಚಡಿಗೆ ಹೋಗಿ ಅವಳನ್ನು ಹತ್ತಿಸಿಕೊಳ್ಳುವವರೆಗೆ ಆ ಸೀಟು ವಿರೂಪಾಕ್ಷನದಾಗಿತ್ತು. “ಅಣ್ಣಾರ, ಅವ್ವಾರಿಗೆ ಮೊಣಕಾಲ ನೋವು. ನೀವು ಹಿಂದ ಕುಂದರ್ರಿ,” ಎಂದು ಕಲ್ಮೇಶ ತಾನೇ ಇಳಿದು ಬಂದು ಬಾಗಿಲು ತೆಗೆದಿದ್ದ. ಎಷ್ಟು ನಯವಾಗಿ ಹೇಳಿದನೆಂದರೆ ಬೇಡ ಅನ್ನಲಿಕ್ಕೆ ಎಡೆಯೇ ಇರಲಿಲ್ಲ. ನಡುವಿನ ಸೀಟಿನಲ್ಲಿ ಹೆಂಡತಿ ಉಮಾಶ್ರೀ, ನಾದಿನಿ ಮೀನಾ, ಇಬ್ಬರ ನಡುವೆ ಮಗಳು ಐಶ್ವರ್ಯಾ. ಅವನ ಪಕ್ಕದಲ್ಲಿ ಪೂಜೆಯ ಬುಟ್ಟಿ, ತೆಂಗಿನಕಾಯಿಯ ಚೀಲ, ಮತ್ತು ಒಬ್ಬ ಮನುಷ್ಯನಷ್ಟು ಜಾಗ ಹಿಡಿದ ಚೆಂಡುಹೂವಿನ ಹಾರ. ಎತ್ತು ಕೊಳ್ಳಾಕ ಹೊಂಟಾವ ಝೂಲಾ ತಗೊಂಡ ಹೋಗಬಾರದು ಅಂತ ದನದ ದಲಾಲಿಯಾಗಿದ್ದ ಅಪ್ಪ ಮಡಿವಾಳೆಪ್ಪ ಹೇಳುತ್ತಿದ್ದ. ಹೊದಿಸುವ ಝೂಲಾ ಕಂಡರೆ ಮಾರುವವನು ಒಂದು ರೂಪಾಯಿಯೂ ಇಳಿಯುವುದಿಲ್ಲ. ಈ ಹಾರವನ್ನು ಕಾರಿನಲ್ಲೇ ಮುಚ್ಚಿಡು ಎಂದು ಕಲ್ಮೇಶನಿಗೆ ಹೇಳಬೇಕೆಂದು ವಿರೂಪಾಕ್ಷ ಎರಡು ಸಲ ಬಾಯಿ ತೆರೆದ. ಮತ್ತೆ ಸುಮ್ಮನಾದ. ಹೂವಿನ ಘಾಟು ಮೂಗಿಗೆ ಬಡಿಯುತ್ತಿತ್ತು.

“ಅಲ್ಲೋ ಕಲ್ಮೇಶಪ್ಪ, ನೀರ ಮ್ಯಾಲ ಮನಿ ಇದ್ದಂಗ ಅಂತೀಯಲ್ಲ, ಒಳಗ ಒಲಿ ಐತೇನ?” ಎಂದು ಕೆಂಚವ್ವ ಕೇಳಿದಳು.

“ಗ್ಯಾಸ್ ಐತ್ರಿ ಅವ್ವಾರ. ಎರಡು ಮಂಚ ಅದಾವು. ಸಂಡಾಸ ಐತಿ.”

“ನೀರ ಮ್ಯಾಲ ಸಂಡಾಸ? ಆ ನೀರ ಸವದತ್ತಿ ಮಂದಿ ಕುಡೀತಾರಲ್ಲೋ, ಪಾಪ.”

“ಅದಕ್ಕೊಂದು ಟಾಕಿ ಇರತೈತ್ರಿ. ನೀರಿಗೆ ಬೀಳಂಗಿಲ್ಲ.”

“ಹಂಗಂದ್ರ ಒಂದ ರಾತ್ರಿ ಮಲಗಾಕ ಬರತೇನಿ. ಇಷ್ಟ ವರ್ಷ ಬಾಳೇ ಮಾಡಿ ಮಾಡಿ ನೆಲದ ಮ್ಯಾಲ ಬ್ಯಾಸರ ಬಂದೈತಿ.”

ಎಲ್ಲರೂ ನಕ್ಕರು. ವಿರೂಪಾಕ್ಷನೂ ನಕ್ಕ, ಆದರೆ ತಡವಾಗಿ, ಎಲ್ಲರ ನಗು ಮುಗಿದ ಮೇಲೆ. ಕೆಂಚವ್ವ ಹಿಂದಕ್ಕೆ ಹೊರಳಿ, “ಹಿಂದ ಇಕ್ಕಟ್ಟ ಆತೇನ್ರಿ ವಿರೂಪಾಕ್ಷಪ್ಪನವರ?” ಎಂದಳು. ಹದಿನೈದು ವರ್ಷದಿಂದ ಅವಳು ಅವನಿಗೆ ‘ರಿ’ ಹಚ್ಚಿಯೇ ಮಾತಾಡುತ್ತಾಳೆ. ಹಿರಿಯ ಅಳಿಯನಿಗೆ ಕೊಡುವ ಮರ್ಯಾದೆ. ಕಲ್ಮೇಶ ಬಂದ ಮೊದಲ ಪಂಚಮಿಗೇ ಅಡಿಗೆಮನೆಯ ಹೊಸ್ತಿಲ ಮೇಲೆ ಕುಳಿತು, ತಂಬಿಟ್ಟಿನ ಉಂಡಿ ಕದ್ದು ಬಾಯಿಗೆ ಹಾಕಿಕೊಂಡು, ಅವಳ ಕೈಯಿಂದ ಪೆಟ್ಟು ತಿಂದು, ‘ಏ ಮಂಗ್ಯಾ’ ಅನ್ನಿಸಿಕೊಂಡಿದ್ದ. ಆವತ್ತು ವಿರೂಪಾಕ್ಷ ಪಡಸಾಲೆಯಲ್ಲಿ ಜಮಖಾನೆಯ ಮೇಲೆ, ಲೋಡಿಗೆ ಒರಗಿ, ಬೆಳ್ಳಿಯ ತಾಟಿನ ಮುಂದೆ ಒಬ್ಬನೇ ಕುಳಿತಿದ್ದ. ಒಳಗಿನಿಂದ ಆ ನಗು ಕೇಳಿಸಿತ್ತು. ಮರ್ಯಾದೆ ಅವನ ಪಾಲಿಗೆ ಬಂತು, ಸಲಿಗೆ ಕಲ್ಮೇಶನ ಪಾಲಿಗೆ ಹೋಯಿತು. ಈ ಎರಡರಲ್ಲಿ ಯಾವುದು ದೊಡ್ಡದು ಎಂದು ಆವತ್ತು ಅವನಿಗೆ ಒಮ್ಮೆಲೇ ತಿಳಿದಿತ್ತು. ತಿಳಿದದ್ದನ್ನು ಯಾರ ಮುಂದೆ ಹೇಳಿಕೊಳ್ಳಬೇಕು?

“ಇಲ್ರಿ ಅತ್ತಿ. ಆರಾಮ ಐತಿ,” ಎಂದ.

ಬೈಲಹೊಂಗಲದ ಹೊರಗೆ ಕಲ್ಮೇಶನದೊಂದು ಕಲ್ಯಾಣ ಮಂಟಪ ಇತ್ತು. ಲಗ್ನಕ್ಕಿಂತ ಮೊದಲು ಗಂಡು ಹೆಣ್ಣು ಫೋಟೋ ತೆಗೆಸಿಕೊಳ್ಳಲಿಕ್ಕೆ ಗೋವಾಕ್ಕೆ ಹೋಗುವುದನ್ನು ಅವನು ನಾಲ್ಕು ವರ್ಷ ನೋಡಿದ. ಸವದತ್ತಿಯ ಹಿನ್ನೀರಿನಲ್ಲೇ ಒಂದು ಬಿಳಿ ಮೋಟಾರು ಯಾಟ್ ಇದ್ದರೆ ಯಾರೂ ಗೋವಾಕ್ಕೆ ಹೋಗುವುದಿಲ್ಲ ಅಂತ ಅವನಿಗೆ ಹೊಳೆಯಿತು. ಇಷ್ಟೇ. ಒಂದು ಸಾಲಿನ ವಿಚಾರ. ವಿರೂಪಾಕ್ಷನೂ ಅದೇ ರಸ್ತೆಯಲ್ಲಿ ಗಿರಾಕಿಗಳಿಗೆ ಹಳೆ ಟ್ರ್ಯಾಕ್ಟರು ತೋರಿಸಲಿಕ್ಕೆ ವಾರಕ್ಕೊಮ್ಮೆ ಹೋಗುವವನೇ, ಅದೇ ನೀರು ನೋಡಿದವನೇ. ಅವನಿಗೆ ಯಾವತ್ತೂ ನೀರಾಗಿಯೇ ಕಂಡಿತ್ತು. ಬೋಟು ಮಾರಾಟಕ್ಕಿದೆ ಎಂದು ಗೊತ್ತಾದಾಗ ಕಲ್ಮೇಶ ಮೊದಲು ಬಂದದ್ದು ವಿರೂಪಾಕ್ಷನ ಮನೆಗೆ. “ಹಳೇದು ತಗೊಳ್ಳೋದಂದ್ರ ಅಣ್ಣಾರ ಕಣ್ಣ ಬೇಕು. ನೀವು ಬರಲಿಲ್ಲಂದ್ರ ನಾ ಹೋಗಂಗಿಲ್ಲ,” ಎಂದಿದ್ದ. ಅದು ಖರೇ. ಹಳೆ ಟ್ರ್ಯಾಕ್ಟರಿನ ಎಂಜಿನ್ನಿನ ಸಪ್ಪಳ ಕೇಳಿಯೇ ಅದು ಯಾವ ಊರಿನ ಕಬ್ಬಿನ ಹೊಲದಲ್ಲಿ ಸವೆದದ್ದು ಎಂದು ವಿರೂಪಾಕ್ಷ ಹೇಳಬಲ್ಲ ಅಂತ ಬೈಲಹೊಂಗಲದಲ್ಲಿ ಮಂದಿ ಆಡಿಕೊಳ್ಳುತ್ತಿದ್ದರು. ಆ ಮಾತಿನಿಂದ ಅವನ ಎದೆ ಸ್ವಲ್ಪ ಉಬ್ಬಿತ್ತು. ಆಗಲೇ ಕಲ್ಮೇಶ ಚಹಾದ ಕಪ್ಪು ಕೆಳಗಿಡುತ್ತ, “ಮತ್ತ ನಿಮ್ಮ ದಲಾಲಿ ನಿಮಗ. ಮನ್ಯಾಗಿನ ಮಂದಿ ಅಂತ ಅದನ್ನ ಬಿಡಬ್ಯಾಡ್ರಿ,” ಎಂದ. ಒಳ್ಳೆಯ ಮನಸ್ಸಿನಿಂದಲೇ ಎಂದ. ಉಮಾಶ್ರೀ ಬಾಗಿಲಲ್ಲಿ ನಿಂತಿದ್ದಳು. ಉಬ್ಬಿದ ಎದೆ ಹೇಗೆ ಇಳಿಸಬೇಕೆಂದು ತಿಳಿಯದೆ ವಿರೂಪಾಕ್ಷ ಕೆಮ್ಮಿದ್ದ.

ಮಳೆಗಾಲ ಮುಗಿದು ಹಿನ್ನೀರು ತುಂಬಿತ್ತು. ದಂಡೆಯಲ್ಲಿ, ಜಾಲಿಗಿಡಗಳ ಆಚೆ, ಗಾಲಿ ಇದ್ದ ಕಬ್ಬಿಣದ ಚೌಕಟ್ಟಿನ ಮೇಲೆ ಬೋಟು ಕುಳಿತಿತ್ತು. ಫೋಟೋದಲ್ಲಿ ನೋಡಿ ವಿರೂಪಾಕ್ಷ ಅಂದುಕೊಂಡದ್ದಕ್ಕಿಂತ ದೊಡ್ಡದು, ಬಿಳಿಯದು, ಮೂತಿ ಚೂಪಾಗಿ ನೀರಿನ ಕಡೆ ಮುಖ ಮಾಡಿದ್ದು. ಅದರ ಮಾಲೀಕ ಲಕ್ಕಪ್ಪ ಮನೋಳಿಯವನು, ಮೊದಲು ದನದ ವ್ಯಾಪಾರಿ, ಈಗ ಹಿನ್ನೀರಿನಲ್ಲಿ ಮೀನು ಹಿಡಿಯುವ ಗುತ್ತಿಗೆ ತೆಗೆದುಕೊಂಡವನು. ಯಲ್ಲಮ್ಮನ ಗುಡ್ಡಕ್ಕೆ ಬರುವ ಮಂದಿಯನ್ನು ನೀರಿನಲ್ಲಿ ಸುತ್ತಾಡಿಸಬೇಕೆಂದು ಗೋವಾದಿಂದ ಅದನ್ನು ತಂದಿದ್ದ. ಮಂದಿ ದೇವಿಗೆ ಬಂದರು, ಬೋಟಿಗೆ ಬರಲಿಲ್ಲ. ಅವನು ಕಲ್ಮೇಶನಿಗೆ ನಮಸ್ಕಾರ ಮಾಡಿ, ವಿರೂಪಾಕ್ಷನ ಮುಖವನ್ನು ತುಸು ಹೊತ್ತು ನೋಡಿದ.

“ನೀವು ಮಡಿವಾಳೆಪ್ಪನವರ ಮಗ ಅಲ್ಲೇನ್ರಿ? ಅದ ಮೂಗ. ನಿಮ್ಮ ಅಪ್ಪನ ಟವೆಲ್ ಕೆಳಗ ನಾ ಬಾಳ ಸಲ ಕೈ ಕೊಟ್ಟೇನಿ. ಬರ್ರಿ, ನೋಡ್ರಿ. ನೀವು ನೋಡಿದ ಮ್ಯಾಲ ನಾ ಹೇಳೋದೇನ ಉಳಿಯಂಗಿಲ್ಲ.”

ವಿರೂಪಾಕ್ಷ ನಿಚ್ಚಣಿಕೆ ಹತ್ತಿದ. ಎಲ್ಲರೂ ಕೆಳಗೆ ನಿಂತು ಕತ್ತೆತ್ತಿ ನೋಡುತ್ತಿದ್ದರು. ಬೋಟಿನ ಬಗ್ಗೆ ಅವನಿಗೆ ಒಂದಕ್ಷರ ಗೊತ್ತಿರಲಿಲ್ಲ. ಆದರೆ ನೋಡುವವರು ಇದ್ದಾರೆಂದರೆ ಕೈ ತಾನೇ ಕೆಲಸ ಮಾಡುತ್ತದೆ. ಎತ್ತಿನ ಪಕ್ಕೆ ತಟ್ಟುವಂತೆ ಅಲ್ಲಲ್ಲಿ ಬೆರಳ ಗಿಣ್ಣಿನಿಂದ ಬಡಿದ. ಬಡಿದಲ್ಲೆಲ್ಲ ಒಂದೇ ಸಪ್ಪಳ. ಎಂಜಿನ್ ಚಾಲೂ ಮಾಡಿಸಿ ಹೊಗೆ ನೋಡಿದ. ಎಂಜಿನ್ನು ಅವನಿಗೆ ತಿಳಿಯುತ್ತದೆ. ಚಲೋ ಇತ್ತು. ಅದು ಚಲೋ ಇದ್ದದ್ದು ಅವನಿಗೆ ಸಂತೋಷ ಕೊಡಲಿಲ್ಲ. ತಲೆ ಬಗ್ಗಿಸಿ ಒಳಗಿಳಿದ. ಎರಡು ಮಂಚ, ಅವುಗಳ ಮೇಲೆ ಕೆನೆಬಣ್ಣದ ಗಾದಿ. ಕೈಯಗಲದ ಅಡಿಗೆಮನೆ. ದುಂಡನೆಯ ಕಿಟಕಿಯಲ್ಲಿ ನೀರು, ನೀರಿನ ಆಚೆ ಗುಡ್ಡ. ಗಾದಿಯನ್ನು ಅಂಗೈಯಿಂದ ಒತ್ತಿದ. ಮೆತ್ತಗೆ ಒಳಗೆ ಹೋಗಿ ಮೆತ್ತಗೆ ಮೇಲೆ ಬಂತು. ಇಲ್ಲಿ ಮೀನಾ ಮಲಗುತ್ತಾಳೆ. ಮುಂಜಾನೆ ಕಲ್ಮೇಶ ಈ ಕಿಟಕಿಯಲ್ಲಿ ಚಹಾ ಹಿಡಿದು ನಿಲ್ಲುತ್ತಾನೆ. ಅದರ ಫೋಟೋ ಮನೆಮಂದಿಯ ಮೊಬೈಲಿಗೆಲ್ಲ ಬರುತ್ತದೆ. ಅದನ್ನು ಉಮಾಶ್ರೀ ಅಡಿಗೆಮನೆಯಲ್ಲಿ ನಿಂತು, ಹಿಟ್ಟಿನ ಕೈಯ ಗಿಣ್ಣಿನಿಂದ ದೊಡ್ಡದು ಮಾಡಿ ನೋಡುತ್ತಾಳೆ. ಏನೂ ಅನ್ನುವುದಿಲ್ಲ. ಅವಳು ಏನೂ ಅನ್ನದಿರುವುದೇ ಅವನಿಗೆ ಕಷ್ಟ. ಹಿಂದಿನ ಮೂಲೆಯಲ್ಲಿ ಮಾತ್ರ ನೆಲದ ನೀಲಿ ಕಾರ್ಪೆಟ್ಟು ಹೊಸದಿತ್ತು. ಟ್ರ್ಯಾಕ್ಟರಿನಲ್ಲಿ ಒಂದೇ ಕಡೆ ಹೊಸ ಬಣ್ಣ ಕಂಡರೆ ಉಗುರಿನಿಂದ ಕೆರೆದು ನೋಡದೆ ಬಿಡುವವನಲ್ಲ ಅವನು. ಆವತ್ತು ಅವನ ಕಣ್ಣು ಆ ಹೊಸ ಕಾರ್ಪೆಟ್ಟಿನ ಮೇಲೆ ನಿಂತಿತು, ಇದೂ ಎಷ್ಟು ಮೆತ್ತಗಿದೆ ಎಂದುಕೊಂಡಿತು, ಮುಂದೆ ಹೋಯಿತು. ಸಂಡಾಸಿನ ಬಾಗಿಲಿನ ಕನ್ನಡಿಯಲ್ಲಿ ತನ್ನ ಮುಖ ಕಂಡು ಅವನು ಬೇರೆ ಯಾರೋ ಒಳಗಿದ್ದಾರೆಂದು ಒಂದು ಗಳಿಗೆ ಹೆದರಿದ.

ಕೆಳಗಿಳಿದಾಗ ಕಲ್ಮೇಶ ಓಡಿ ಬಂದ. “ಹೆಂಗ ಐತ್ರಿ ಅಣ್ಣಾರ?”

“ನೋಡೋಣ ತಡಿ.”

“ಹನ್ನೆರಡರ ತನಕ ಹೋಗ್ರಿ. ಕೈ ತಪ್ಪಬಾರದು,” ಎಂದು ಕಲ್ಮೇಶ ಅವನ ಕಿವಿಯಲ್ಲಿ ಅಂದ. ಚಿಕ್ಕ ಹುಡುಗನ ಹಾಗೆ ಅವನ ಕಣ್ಣುಗಳು ಹೊಳೆಯುತ್ತಿದ್ದವು. ಮೂವತ್ತೆಂಟು ವರ್ಷದ ಗಂಡಸು ಒಂದು ವಸ್ತುವಿಗಾಗಿ ಹೀಗೆ ನಾಚಿಕೆಯಿಲ್ಲದೆ ಆಸೆಪಡಬಹುದೇ? ವಿರೂಪಾಕ್ಷನಿಗೆ ಆಸೆಪಟ್ಟ ನೆನಪೇ ಇರಲಿಲ್ಲ. ಬೇಕು ಅನ್ನಿಸುವುದಕ್ಕಿಂತ ಮೊದಲೇ ಅದರಲ್ಲಿ ಏನು ಕೆಟ್ಟಿದೆ ಅಂತ ಹುಡುಕುವುದು ಅವನ ಧಂದೆ.

“ಒಂದ ಸಲ ನೀರಿಗಿಳಿಸಿ ನೋಡೋಣೇನ್ರಿ?” ಎಂದು ಕಲ್ಮೇಶ ಲಕ್ಕಪ್ಪನನ್ನು ಕೇಳಿದ.

“ನೀರಿಗಿಳಿಸಾಕ ಟ್ರ್ಯಾಕ್ಟರ ಬೇಕು, ಆಳ ಬೇಕು. ವ್ಯಾಪಾರ ಆಗ್ಲಿ, ಈಗಿಂದೀಗ ಇಳಿಸೋಣು,” ಎಂದ ಲಕ್ಕಪ್ಪ. ಮೊದಲು ಇಳಿಸು, ಆಮೇಲೆ ಮಾತು ಎಂದು ವಿರೂಪಾಕ್ಷ ಹೇಳಬೇಕಾಗಿತ್ತು. ಟ್ರ್ಯಾಕ್ಟರಾಗಿದ್ದರೆ ಹೇಳುತ್ತಿದ್ದ. ಅವನು ಸುಮ್ಮನೆ ದೂರದ ನೀರು ನೋಡಿದ. ಕಲ್ಮೇಶ ಮೊಬೈಲಿನಲ್ಲಿ ಅಂಕಿ ಒತ್ತಿ ತೋರಿಸಲು ಹೋದರೆ ಲಕ್ಕಪ್ಪ ಕೈ ಅಡ್ಡ ಹಿಡಿದ. “ಅದು ನನಗ ಬರಂಗಿಲ್ಲ. ಮಡಿವಾಳೆಪ್ಪನವರ ಮಗ ಬಂದಾರ. ಟವೆಲ್ ಹಾಕ್ರಿ.”

ಲಕ್ಕಪ್ಪ ಹೆಗಲ ಮೇಲಿನ ಟವೆಲ್ಲು ತೆಗೆದು ಇಬ್ಬರ ಕೈಗಳ ಮೇಲೆ ಹೊದಿಸಿದ. ದನದ ಸಂತೆಯ ರೀತಿ ಇದು. ಬೆಲೆ ಬಾಯಿಂದ ಬರಬಾರದು, ಬೆರಳಿನಿಂದ ಬರಬೇಕು. ಒಂದು ಬೆರಳು ಹಿಡಿದರೆ ಒಂದು, ಇಡೀ ಕೈ ಹಿಡಿದರೆ ಐದು. ಒಪ್ಪದವನು ಕೈ ಕೊಡವಿಕೊಳ್ಳುತ್ತಾನೆ, ಒಪ್ಪಿದವನು ಹಿಡಿದ ಬೆರಳನ್ನು ಒತ್ತುತ್ತಾನೆ. ಸುತ್ತ ನಿಂತವರಿಗೆ ಟವೆಲ್ಲು ಅಲುಗುವುದಷ್ಟೇ ಕಾಣಿಸುತ್ತದೆ. ಚಿಕ್ಕವನಿದ್ದಾಗ ವಿರೂಪಾಕ್ಷ ಅಪ್ಪನ ಜತೆ ನಿಂತು ಇದನ್ನು ಕಲಿತಿದ್ದ. ಟ್ರ್ಯಾಕ್ಟರಿನ ಧಂದೆಗೆ ಬಂದ ಮೇಲೆ ಎಲ್ಲ ಬಾಯಿಮಾತು, ಮೊಬೈಲು, ಕೂಗಾಟ. ಇಪ್ಪತ್ತು ವರ್ಷದ ಮೇಲೆ ಮತ್ತೆ ಟವೆಲ್ಲಿನ ಕತ್ತಲೆಯಲ್ಲಿ ಕೈ ಹಾಕಿದಾಗ ಅವನಿಗೆ ಮೊದಲು ಅನ್ನಿಸಿದ್ದು ಇಷ್ಟು: ಇಲ್ಲಿ ಯಾರೂ ನೋಡುವುದಿಲ್ಲ. ಕೆಂಚವ್ವ ನೋಡುವುದಿಲ್ಲ, ಉಮಾಶ್ರೀ ನೋಡುವುದಿಲ್ಲ. ದಂಡೆಯ ಮೇಲೆ ಹಾರ ಹಿಡಿದು ನಿಂತ ಕಲ್ಮೇಶನಿಗೆ ತನ್ನ ಬೆರಳು ಏನು ಹೇಳಿತೆಂದು ಯಾವತ್ತಿಗೂ ಗೊತ್ತಾಗುವುದಿಲ್ಲ. ಹನ್ನೆರಡರ ತನಕ ಹೋದೆ, ಅವ ಒಪ್ಪಲಿಲ್ಲ ಎಂದರೆ ಮುಗಿಯಿತು.

ಲಕ್ಷದ ಲೆಕ್ಕ, ಎಂದು ಲಕ್ಕಪ್ಪ ಪಿಸುಗುಟ್ಟಿದ. ವಿರೂಪಾಕ್ಷ ಅವನ ಇಡೀ ಕೈ ಹಿಡಿದು ಬಿಟ್ಟ. ಐದು. ಮತ್ತೆ ತೋರುಬೆರಳು ಹಿಡಿದ. ಒಂದು. ಆರು. ಹದಿನಾಲ್ಕು ಹೇಳಿದವನಿಗೆ ಆರು ಅಂದರೆ ಮುಖದ ಮೇಲೆ ಉಗುಳಿದ ಹಾಗೆ. ಲಕ್ಕಪ್ಪ ಈಗ ಕೈ ಕಿತ್ತುಕೊಳ್ಳುತ್ತಾನೆ, ಟವೆಲ್ಲು ಝಾಡಿಸುತ್ತಾನೆ, ಹೋಗ್ರಿ ನಿಮಗ ಬೋಟ ಕೊಡಂಗಿಲ್ಲ ಅನ್ನುತ್ತಾನೆ. ಹಾರ ಹಾಗೇ ಕಾರಿನಲ್ಲಿ ವಾಪಸು ಹೋಗುತ್ತದೆ, ಹಿಂದಿನ ಸೀಟಿನಲ್ಲಿ ತನ್ನ ಪಕ್ಕದಲ್ಲಿ ಬಾಡುತ್ತದೆ. ಆ ಹಾರ ಬಾಡುವುದನ್ನು ವಿರೂಪಾಕ್ಷ ಆಗಲೇ ಕಂಡುಬಿಟ್ಟಿದ್ದ. ಅದು ಬಹಳ ಚಂದ ಕಾಣಿಸಿತ್ತು.

ಲಕ್ಕಪ್ಪ ಕೈ ಕಿತ್ತುಕೊಳ್ಳಲಿಲ್ಲ. ಅವನ ಬೆರಳು ವಿರೂಪಾಕ್ಷನ ಮುಷ್ಟಿಯಲ್ಲಿ ಸುಮ್ಮನಿತ್ತು, ತಣ್ಣಗಿತ್ತು, ಸ್ವಲ್ಪ ಬೆವೆತಿತ್ತು. ಅವನು ನೆಲ ನೋಡುತ್ತಿದ್ದ. ಬಹಳ ಹೊತ್ತಿನ ಮೇಲೆ ಆ ಬೆರಳು ಬಾಗಿತು, ವಿರೂಪಾಕ್ಷನ ಬೆರಳನ್ನು ಒತ್ತಿತು. ಒಮ್ಮೆ. ಒಪ್ಪಿದೆ.

“ಆತು,” ಎಂದು ಲಕ್ಕಪ್ಪ ಎಲ್ಲರಿಗೂ ಕೇಳುವಂತೆ ಅಂದು, ಟವೆಲ್ಲು ಎಳೆದುಕೊಂಡು ಮುಖ ಒರೆಸಿಕೊಂಡ. ಕಲ್ಮೇಶ ಹಾರವನ್ನು ಹಾಗೇ ಎದೆಗೆ ಅಪ್ಪಿಕೊಂಡು, “ಎಷ್ಟಕ್ಕರಿ?” ಅಂದ. ಆರು ಎಂದು ವಿರೂಪಾಕ್ಷನೇ ಹೇಳಬೇಕಾಯಿತು. ಕಲ್ಮೇಶ ಬಗ್ಗಿ ಅವನ ಕಾಲು ಮುಟ್ಟಿದ. ಆ ಮಣ್ಣಿನಲ್ಲಿ, ಬಿಳಿ ಪ್ಯಾಂಟಿನಲ್ಲಿ. ಕೆಂಚವ್ವ, “ನಮ್ಮ ಹಿರೇ ಅಳಿಯಾರು ಅಂದ್ರ ಏನ ತಿಳಿದೀರಿ,” ಎಂದು ಮೀನಾಳ ಬೆನ್ನಿಗೆ ಗುದ್ದಿದಳು. ಯಾವ ಮಾತಿಗಾಗಿ ಅವನು ಹದಿನೈದು ವರ್ಷ ಆ ಮನೆಯ ಪಡಸಾಲೆಯಲ್ಲಿ ಕಾಯುತ್ತ ಕುಳಿತಿದ್ದನೋ ಅದು ಈಗ ಬಂತು. ಕಲ್ಮೇಶನಿಗೆ ಬೋಟು ಸಿಗಬಾರದು ಎಂದು ಮಾಡಿದ ಕೆಲಸಕ್ಕೆ ಬಂತು. ಅವನು ಅದನ್ನು ಕಹಿ ಔಷಧದ ಹಾಗೆ ನುಂಗಿದ.

ಲಕ್ಕಪ್ಪ ಹತ್ತಿರ ಬಂದು ದನಿ ತಗ್ಗಿಸಿದ. “ನೀವು ಖರೇನ ಮಡಿವಾಳೆಪ್ಪನವರ ಮಗ. ನಾಕ ಮಂದ್ಯಾಗ ಬಾಯಿ ಬಿಟ್ಟ ಹೇಳಲಿಲ್ಲ. ಉಪಕಾರ ಆತು.”

ವಿರೂಪಾಕ್ಷ ಗೊತ್ತಿದ್ದವನಂತೆ ತಲೆಯಾಡಿಸಿದ. ಲಕ್ಕಪ್ಪ ಟ್ರ್ಯಾಕ್ಟರಿನವನನ್ನು ಕರೆಯಲಿಕ್ಕೆ ಹೋದ ಮೇಲೆ, ಆ ಮಾತು ನಿಧಾನವಾಗಿ ಒಳಗೆ ಇಳಿಯಿತು. ಅಪ್ಪ ನೆನಪಾದ. ಸಂತೆಯ ಬೇವಿನಗಿಡದ ಕೆಳಗೆ ಚುಟ್ಟಾ ಸೇದುತ್ತ ಹೇಳುತ್ತಿದ್ದ ಮಾತು ನೆನಪಾಯಿತು. ‘ಅರ್ಧಕ್ಕಿಂತ ಕೆಳಗ ಹಿಡಿದರ ಅದು ಬೆಲೆ ಅಲ್ಲಪಾ, ಮಾತು. ನಿನ್ನ ಎತ್ತಿನ ಐಬು ನನಗ ಕಂಡೈತಿ, ಮಂದಿ ಮುಂದ ನಿನ್ನ ಮಾನ ಕಳಿಯಂಗಿಲ್ಲ, ಇಷ್ಟಕ್ಕ ಕೊಡು ಅಂತ ಅರ್ಥ.’ ಅದನ್ನು ಅವನು ಮರೆತೇಬಿಟ್ಟಿದ್ದ. ಟ್ರ್ಯಾಕ್ಟರಿನ ಮಂದಿಯಲ್ಲಿ ಅರ್ಧ ಬೆಲೆ ಅಂದರೆ ಬರೀ ಅವಮಾನ. ಲಕ್ಕಪ್ಪ ಮರೆತಿರಲಿಲ್ಲ. ಅಂದರೆ ಬೋಟಿನಲ್ಲಿ ಐಬು ಇದೆ. ಎಲ್ಲಿ, ಎಂಥದು, ವಿರೂಪಾಕ್ಷನಿಗೆ ಗೊತ್ತಿಲ್ಲ. ಗೊತ್ತಿದೆ ಎಂದು ಲಕ್ಕಪ್ಪ ತಿಳಿದಿದ್ದಾನೆ.

ಟ್ರ್ಯಾಕ್ಟರು ಬಂದು ಚೌಕಟ್ಟಿಗೆ ಕೊಂಡಿ ಹಾಕಿತು. ಮೀನಾ ಬೋಟಿನ ಮೂತಿಗೆ ಅರಿಷಿಣ ಕುಂಕುಮ ಹಚ್ಚಿದಳು, ಕಾಯಿ ಒಡೆದರು, ಹಾರ ಏರಿತು. ನೀರಿಗಿಳಿಯುವಾಗ ಎಲ್ಲರೂ ಮೇಲೆಯೇ ಇರಬೇಕು, ವಿಡಿಯೊ ಚಲೋ ಬರುತ್ತದೆ ಎಂದು ಕಲ್ಮೇಶ ಒಬ್ಬೊಬ್ಬರನ್ನೇ ಕೈ ಹಿಡಿದು ಹತ್ತಿಸಿದ. ಕೆಂಚವ್ವ ನಿಚ್ಚಣಿಕೆಯ ನಡುವೆ ನಿಂತು, “ನನ್ನ ದೂಡಬ್ಯಾಡೋ, ನಾ ಹಿಟ್ಟಿನ ಚೀಲ ಅಲ್ಲ,” ಎಂದಳು. ಐಶ್ವರ್ಯಾ ಎಲ್ಲರಿಗಿಂತ ಮೊದಲು ಮೂತಿಯ ಹತ್ತಿರ ಹೋಗಿ ಕುಳಿತಳು. “ಕಾಕಾ, ಇದಕ್ಕ ನನ್ನ ಹೆಸರ ಇಡ್ತೀಯಾ?” ಎಂದು ಕೇಳಿದಳು. ಕಲ್ಮೇಶ, “ಮತ್ತ ಇನ್ಯಾರದು ಇಡಲಿ,” ಎಂದು ಕೆಳಗೆ ಬಗ್ಗಿ ತನ್ನ ದುಬಾರಿ ಮೊಬೈಲನ್ನು ವಿರೂಪಾಕ್ಷನ ಕೈಗೆ ಕೊಟ್ಟ. “ಅಣ್ಣಾರ, ನೀವು ಹಿಡೀರಿ. ನಿಮ್ಮ ಕೈ ನಡಗಂಗಿಲ್ಲ.”

ಹೀಗೆ ಅವನು ದಂಡೆಯ ಮೇಲೆ ಉಳಿದ. ಲಕ್ಕಪ್ಪ ಅವನ ಕಡೆ ಒಮ್ಮೆ ನೋಡಿದ, ಹುಬ್ಬೇರಿಸಿ, ಕೇಳುವವನ ಹಾಗೆ. ಐಬು ನೀವು ಕಂಡವರು, ಆದರೂ ಹೆಣ್ಣುಮಕ್ಕಳನ್ನು ಹತ್ತಿಸಿದ್ದೀರಿ, ನಡೆದೀತು ಅಂತಲೇ? ವಿರೂಪಾಕ್ಷ ಮುಖ ಗಂಭೀರ ಮಾಡಿಕೊಂಡು ಮೊಬೈಲು ಎತ್ತಿದ. ಟ್ರ್ಯಾಕ್ಟರು ಹಿಂದಕ್ಕೆ ಸರಿಯತೊಡಗಿತು. ಐಬು ಎಂಥದಿದ್ದೀತು? ಏನೋ ಬಣ್ಣದ್ದು, ಕಾಗದದ್ದು. ಇಲ್ಲದಿದ್ದರೆ ನಡುನೀರಿಗೆ ಹೋಗಿ ಎಂಜಿನ್ನು ನಿಂತೀತು. ಮೀನಿನವರು ಹಗ್ಗ ಕಟ್ಟಿ ಎಳೆದು ತಂದಾರು. ಕಲ್ಮೇಶ ಮೊಣಕಾಲುಮಟ್ಟ ನೀರಿನಲ್ಲಿ ಬಿಳಿ ಪ್ಯಾಂಟು ಒದ್ದೆ ಮಾಡಿಕೊಂಡು ಇಳಿದಾನು. ದಂಡೆಯ ಮಂದಿಯೆಲ್ಲ ಮೊಬೈಲು ಎತ್ತಿಯಾರು. ಒಂದಿಷ್ಟು ನೀರು ಹೊಕ್ಕರೂ ಹೊಕ್ಕಲಿ, ಆ ಕೆನೆಬಣ್ಣದ ಗಾದಿ ನೆನೆಯಲಿ. ಇದನ್ನು ಅವನು ತುಸು ಹೊತ್ತು ಸುಖವಾಗಿ ನೋಡಿದ. ಈ ಚಿತ್ರದಲ್ಲಿ ಕಲ್ಮೇಶ ಒಬ್ಬನೇ ಇದ್ದ. ಮೊಬೈಲಿನಲ್ಲಿ ಮಾತ್ರ ಎಲ್ಲರೂ ಇದ್ದರು.

ಮೊಬೈಲಿನ ಗಾಜಿನಲ್ಲಿ ಉಮಾಶ್ರೀ ಕಂಡಳು. ಬೋಟಿನ ಅಂಚಿನ ಕಟಾಂಜನ ಹಿಡಿದು ನಿಂತಿದ್ದಳು. ಸೆರಗು ಗಾಳಿಗೆ ಹಾರುತ್ತಿತ್ತು, ಅವಳು ಅದನ್ನು ಹಿಡಿಯುತ್ತಿರಲಿಲ್ಲ. ಅವಳ ಆ ಮುಖವನ್ನು ಅವನು ಒಂದೇ ಸಲ ನೋಡಿದ್ದ. ಲಗ್ನದ ಮೊದಲ ವರ್ಷ, ಚಚಡಿಯಲ್ಲಿ, ಪಂಚಮಿಯ ಜೋಕಾಲಿ ಮರದ ಎಲೆಗಳ ತನಕ ಹೋದಾಗ. ಜೋಕಾಲಿ ತೂಗಿದವನು ಅವನೇ. ಸಾಕು ಇಳಿ, ಹಗ್ಗ ಹಳೇದೈತಿ, ಎಂದು ನಿಲ್ಲಿಸಿದವನೂ ಅವನೇ. ಹಗ್ಗ ಹರಿಯಲಿಲ್ಲ, ಅವಳು ಇಳಿದ ಮೇಲೆ ಮೀನಾ ಸಂಜೆಯ ತನಕ ಅದರಲ್ಲೇ ಆಡಿದಳು. ಉಮಾಶ್ರೀ ಏನೂ ಅನ್ನಲಿಲ್ಲ. ಆವತ್ತು ಒಳಗೆ ಹೋದ ಆ ಮುಖ ಈಗ ಹೊರಗೆ ಬಂದಿತ್ತು, ಕಲ್ಮೇಶನ ಬೋಟಿನ ಮೇಲೆ. ಚೌಕಟ್ಟಿನ ಹಿಂದಿನ ಗಾಲಿ ನೀರಿಗೆ ಮುಟ್ಟಿತು. ಐಶ್ವರ್ಯಾ ಕಾಲು ಕೆಳಗೆ ಬಿಟ್ಟು ಅಲ್ಲಾಡಿಸುತ್ತ, “ಪಪ್ಪಾ, ನನ್ನ ಹಿಡೀ,” ಎಂದು ಕೂಗಿದಳು.

ಅವನು ಮೊಬೈಲು ಕಿಸೆಗೆ ಹಾಕಿ ಲಕ್ಕಪ್ಪನ ಹತ್ತಿರ ಹೋದ. ಯಾವುದಕ್ಕೆ ಹೋದೆ ಎಂದು ಆಮೇಲೆ ಎಷ್ಟು ಸಲ ಕೇಳಿಕೊಂಡರೂ ಅವನಿಗೆ ನೆಟ್ಟಗೆ ಉತ್ತರ ಸಿಗಲಿಲ್ಲ. ಮಗಳ ಕಾಲು ಕಂಡದ್ದಕ್ಕೋ, ಹೆಂಡತಿಯ ಮುಖ ಕಂಡದ್ದಕ್ಕೋ.

“ಐಬು ಏನೈತಿ ಇದರಾಗ?”

ಲಕ್ಕಪ್ಪ ಅವನನ್ನು ದಿಟ್ಟಿಸಿ ನೋಡಿದ. “ಅಂದ್ರ? ನೀವು ನೋಡಿಲ್ಲೇನ್ರಿ?”

“ಇಲ್ಲ.”

“ಮತ್ತ ಆರು ಯಾಕ ಹಿಡಿದ್ರಿ?”

ಲಕ್ಕಪ್ಪನ ಕಣ್ಣು ವಿರೂಪಾಕ್ಷನ ಮುಖದಿಂದ ಬೋಟಿನ ಮೇಲೆ ನಿಂ‌ತ ಕಲ್ಮೇಶನ ಕಡೆ ಹೋಗಿ, ತಿರುಗಿ ಬಂತು. ದನದ ಸಂತೆಯಲ್ಲಿ ತಲೆ ನರೆತವನಿಗೆ ಇನ್ನೊಬ್ಬನ ಮನಸ್ಸು ಓದಲಿಕ್ಕೆ ಅಷ್ಟು ಸಾಕು. “ವ್ಯಾಪಾರ ಮುರೀಬೇಕಾಗಿತ್ತು ನಿಮಗ,” ಎಂದು ಮೆಲ್ಲಗೆ ಅಂದ. ಬೈಗುಳದ ದನಿಯಲ್ಲ, ಎತ್ತಿನ ಹಲ್ಲು ನೋಡಿ ವಯಸ್ಸು ಹೇಳುವ ದನಿ. ಆಮೇಲೆ ಟವೆಲ್ಲು ಎತ್ತಿ ಬೀಸುತ್ತ ಟ್ರ್ಯಾಕ್ಟರಿನ ಕಡೆ ಓಡಿದ. “ಏ, ನಿಲ್ಲಸೋ! ಮುಂದಕ್ಕ ತಗೀ!”

ಎಲ್ಲರನ್ನೂ ಇಳಿಸಿ ಲಕ್ಕಪ್ಪ ತಾನೇ ಒಳಗೆ ಹೋಗಿ ಮೂಲೆಯ ಹೊಸ ಕಾರ್ಪೆಟ್ಟು ಕಿತ್ತ. ಕೆಳಗಿನ ಹಲಗೆ ಎತ್ತಿದರೆ, ತಳದಲ್ಲಿ ಒಂದು ಮೊಳ ಉದ್ದದ ಸೀಳು, ಅದಕ್ಕೆ ಮೆತ್ತಿದ ಅಂಟು. ಹಿಂದಿನ ಬೇಸಿಗೆಯಲ್ಲಿ ನೀರು ಇಳಿದಾಗ, ಅಣೆಕಟ್ಟು ಕಟ್ಟಿದಾಗ ಮುಳುಗಿದ ಹಳೆ ಊರಿನ ಗೋಡೆ ಬಡಿದದ್ದು. ದಂಡೆಯ ಮೇಲೆ ಏನೂ ಕಾಣುವುದಿಲ್ಲ. ನೀರಿಗಿಳಿದು ಅರ್ಧ ತಾಸು ಸುತ್ತಾಡಿದರೆ ಅಂಟು ಬಿಡುತ್ತದೆ. ನಡುನೀರು ಆಗ ಹತ್ತಿರ, ದಂಡೆ ದೂರ.

“ಪೂಜಿಗೆ ದಂಡಿ ಹತ್ತರ ಇಳಿಸಿ, ರಿಪೇರಿ ಮಾಡಿಸಿದ ಮ್ಯಾಲನ ನಡುನೀರಿಗೆ ಒಯ್ತಾರ ಅಂತ ತಿಳಿದಿದ್ದೆ. ಹೆಣ್ಣಮಕ್ಕಳನ್ನ ಹತ್ತಿಸಿದಾಗ ಕೇಳಬೇಕಿತ್ತು. ತಪ್ಪ ನಂದು,” ಎಂದ ಲಕ್ಕಪ್ಪ. “ಐಬು ಇದ್ದದ್ದಕ್ಕ ಆರಕ್ಕ ಕೊಟ್ಟೇನಿ.” ಅಷ್ಟೇ ಹೇಳಿದ. ವಿರೂಪಾಕ್ಷನ ಮುಖ ನೋಡಲಿಲ್ಲ. ಸೀಳಿಗೆ ಅರವತ್ತು ಸಾವಿರ ಹಿಡಿದರೂ, ಮಾರಿದ ವಸ್ತುವಿಗೆ ಹತ್ತು ಲಕ್ಷದ ಬೆಲೆ ಇತ್ತು. ಈಗ ವ್ಯಾಪಾರ ಬೇಡ ಅನ್ನಲಿಕ್ಕೆ ಲಕ್ಕಪ್ಪನಿಗೆ ಕಾರಣವೂ ಇತ್ತು. ಅವನು ಅನ್ನಲಿಲ್ಲ. ಟವೆಲ್ಲಿನ ಒಳಗೆ ಆದದ್ದು ಆಯಿತು. ಇನ್ನೂ ನಾಲ್ಕು ಲಕ್ಷ ಸೇರಿಸಿ ಕೊಡು, ಅದು ನ್ಯಾಯ, ಎಂದು ವಿರೂಪಾಕ್ಷ ಕಲ್ಮೇಶನಿಗೆ ಒಂದು ಮಾತು ಹೇಳಿದ್ದರೆ ಅವನು ಅಲ್ಲೇ ಕೊಡುತ್ತಿದ್ದ. ಆದರೆ ಯಾಕೆ ಎಂದು ಕೇಳುತ್ತಿದ್ದ. ವಿರೂಪಾಕ್ಷ ಹೇಳಲಿಲ್ಲ.

“ಅಂದ್ರ ಅಣ್ಣಾರ ಗಿಣ್ಣಿಂದ ಬಡದ ಬಡದ ಇದನ್ನ ಕಂಡಹಿಡಿದ್ರು,” ಎಂದು ಕಲ್ಮೇಶ ಅತ್ತೆಗೆ ಹೇಳುತ್ತಿದ್ದ. “ಅದಕ್ಕ ನೋಡ್ರಿ ಅರ್ಧಕ್ಕಿಂತ ಕೆಳಗ ತಂದದ್ದು. ನಮಗ ಹೇಳಿ ಹೆದರಸೋದು ಬ್ಯಾಡಂತ ಸುಮ್ಮನಿದ್ರು, ಹೌದಲ್ರಿ ಅಣ್ಣಾರ?” ಕೆಂಚವ್ವ ಆ ಮಾತಿಗೆ ಹೂಂ ಅನ್ನಲಿಲ್ಲ. “ಹೇಳಬೇಕಾಗಿತ್ರಿ ವಿರೂಪಾಕ್ಷಪ್ಪನವರ,” ಎಂದಷ್ಟೇ ಅಂದಳು. ‘ರಿ’ ಹಚ್ಚಿಯೇ ಅಂದಳು.

ತಿರುಗಿ ಬರುವಾಗ ಮೀನಾಳ ಪಕ್ಕದಲ್ಲಿ ಕೂಡದೆ ಉಮಾಶ್ರೀ ಹಿಂದಿನ ಸೀಟಿಗೆ ಬಂದಳು, ಹಾರ ಇದ್ದ ಜಾಗದಲ್ಲಿ. ಮುಂದಿನವರು ಬೋಟು ರಿಪೇರಿ ಮಾಡುವವನನ್ನು ಕಾರವಾರದಿಂದ ಕರೆಸಬೇಕೋ ಗೋವಾದಿಂದ ಕರೆಸಬೇಕೋ ಎಂದು ಮಾತಾಡುತ್ತಿದ್ದರು. ಐಶ್ವರ್ಯಾ ಮೌಶಿ ಮೀನಾಳ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಕಪ್ಪು ಹೊಲಗಳು, ಗೋವಿನಜೋಳದ ರಾಶಿ, ಮತ್ತೆ ಕಪ್ಪು ಹೊಲಗಳು. ಉಮಾಶ್ರೀ ಕಿಟಕಿಯ ಕಡೆ ನೋಡುತ್ತಲೇ ಅಂದಳು. “ಕಲ್ಮೇಶಗ ತಿಳಿಯಂಗಿಲ್ಲ. ನಿಮಗ ಗೊತ್ತಿದ್ದಿಲ್ಲ.”

ಅವನು ಮಡಚಿದ ಮೊಣಕಾಲನ್ನು ಇನ್ನಷ್ಟು ಒಳಗೆ ಎಳೆದುಕೊಂಡ.

“ಗೊತ್ತಿದ್ರ ಐಶೂನ ಹತ್ತಾಕ ಬಿಡತಿದ್ದಿಲ್ಲ ನೀವು,” ಎಂದಳು. ಅವನ ಮೊಣಕಾಲಿನ ಮೇಲೆ ಬಿದ್ದಿದ್ದ ಚೆಂಡುಹೂವಿನ ಎಸಳನ್ನು ಎರಡು ಬೆರಳಿನಿಂದ ತೆಗೆದು ಹೊರಗೆ ಹಾಕಿದಳು.

ಅವಳು ಹೇಳಿದ್ದು ಹೆಚ್ಚುಕಡಿಮೆ ಖರೇ. ಏನು ಎಂದು ಅವನಿಗೆ ಗೊತ್ತಿರಲಿಲ್ಲ. ಏನೋ ಇದೆ ಎಂದು ಗೊತ್ತಿತ್ತು, ಮಗಳು ನಿಚ್ಚಣಿಕೆ ಹತ್ತುವಾಗಲೇ ಗೊತ್ತಿತ್ತು. ಆಮೇಲೂ ಅವನು ಮೊಬೈಲು ಎತ್ತಿ ಹಿಡಿದು ನಿಂತಿದ್ದ. ಹೂಂ ಅಂದರೂ ಸುಳ್ಳು, ಊಹೂಂ ಅಂದರೂ ಸುಳ್ಳು. ಅವನು ಸುಮ್ಮನಿದ್ದ. ಆ ಸುಮ್ಮನಿರುವಿಕೆಯನ್ನು ಅವಳು ಹೇಗೆ ತೆಗೆದುಕೊಂಡಳೋ, ಅವಳೂ ಏನೂ ಅನ್ನಲಿಲ್ಲ.

ಬೋಟು ಈಗ ಹಿನ್ನೀರಿನಲ್ಲಿದೆ, ಐಶ್ವರ್ಯಾ ಎಂದು ನೀಲಿ ಅಕ್ಷರದಲ್ಲಿ ಬರೆಸಿದ್ದಾರೆ, ಲಗ್ನದ ಜೋಡಿಗಳು ಬರುತ್ತವೆ. ಕಲ್ಮೇಶನಿಗೆ ಹತ್ತು ಲಕ್ಷದ ವಸ್ತು ಆರಕ್ಕೆ ಸಿಕ್ಕಿತು. ಲಕ್ಕಪ್ಪನ ನಾಲ್ಕು ಲಕ್ಷ ಹೋಯಿತು. ಅವನು ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಆದರೆ ಮನೋಳಿಯಲ್ಲಿ ವಿರೂಪಾಕ್ಷ ಎದುರಾದರೆ ಹೆಗಲ ಟವೆಲ್ಲನ್ನು ಈ ಭುಜದಿಂದ ಆ ಭುಜಕ್ಕೆ ಹಾಕಿಕೊಂಡು ಹೋಗುತ್ತಾನೆ. ದಲಾಲಿ ವಿರೂಪಾಕ್ಷನಿಗೆ ಮುಟ್ಟಿತು, ಅವನು ತೆಗೆದುಕೊಂಡ. ಮಗಳು ದಂಡೆಯ ಮೇಲೆ ಉಳಿದಳು. ಅವನು ಕಳೆದುಕೊಂಡದ್ದು ಒಂದೇ. ಉಮಾಶ್ರೀ ಮತ್ತೊಮ್ಮೆ ಆ ಬೋಟು ಹತ್ತಲಿಲ್ಲ. ಯಾರು ಕರೆದರೂ, ನನಗ ನೀರಂದ್ರ ಅಂಜಿಕಿ, ಅನ್ನುತ್ತಾಳೆ. ಜೋಕಾಲಿಯ ಮೇಲಿನ ಆ ಮುಖವನ್ನು ಅವನು ಮತ್ತೆ ನೋಡಿಲ್ಲ.